ಕರಿ ಕೋಟಿನ ದುರ್ಗಾಬಾಯಿ

ಅಡ್ಯಾರಿನ ಕಡೆ ಬಸ್ಸಿನಲ್ಲಿ ಹೋಗುವವರು ಸೇತುವೆ ಬರುವುದಕ್ಕೆ ಮುಂಚೆ ಒಂದು ಬೋರ್ಡು ನೋಡಿರುತ್ತೀರಿ. ಡಾ. ದುರ್ಗಾಬಾಯಿ ದೇಶಮುಖ್ ರಸ್ತೆ. ನಮ್ಮ ಹಾಸ್ಟೆಲ್ಲಿನಲ್ಲಿ ಹತ್ತು ಜನರನ್ನು ಕೇಳಿದೆ, ಇವರು ಯಾರು ಅಂತ. ನಾಲ್ಕು ಜನ ಮರಾಠಿ ಹೆಂಗಸಿರಬೇಕು ಅಂದರು. ಇಬ್ಬರು ಡಾಕ್ಟರು ಅಂದರು, ಆ ರಸ್ತೆಯಲ್ಲಿ ಅವರ ಹೆಸರಿನ ಆಸ್ಪತ್ರೆ ಇರುವುದರಿಂದ. ಉಳಿದವರಿಗೆ ಬಸ್ ಸ್ಟಾಪಿನ ಹೆಸರು ಮಾತ್ರ ಗೊತ್ತು. ಆಕೆ ಮರಾಠಿಯೂ ಅಲ್ಲ, ಮದ್ದು ಕೊಡುವ ಡಾಕ್ಟರೂ ಅಲ್ಲ. ತೆಲುಗು ಹೆಂಗಸು, ವಕೀಲೆ. ಇದೇ ಊರಿನ ಹೈಕೋರ್ಟಿನಲ್ಲಿ ಕರಿ ಕೋಟು ಹಾಕಿ ವಾದ ಮಾಡಿದವರು. ಆದ್ದರಿಂದ ಈ ಸಲದ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಅನ್ನಿಸಿತು.

ದುರ್ಗಾಬಾಯಿ ಹುಟ್ಟಿದ್ದು 1909ರ ಜುಲೈ 15ರಂದು, ರಾಜಮಹೇಂದ್ರಿಯಲ್ಲಿ. ಆಗ ಅದೂ ಮದರಾಸು ಪ್ರಾಂತ್ಯವೇ. ನಮ್ಮ ಮಂಗಳೂರು, ಬಳ್ಳಾರಿಗಳೂ ಆಗ ಇದೇ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಹೈಕೋರ್ಟು ಎಲ್ಲರಿಗೂ ಒಂದೇ. ತಂದೆ ರಾಮರಾವ್, ತಾಯಿ ಕೃಷ್ಣವೇಣಮ್ಮ. ಎಂಟನೆಯ ವಯಸ್ಸಿಗೆ ಹುಡುಗಿಗೆ ಮದುವೆ ಮಾಡಿದರು.

ಇಲ್ಲಿ ಕಾಮರ್ಸಿನವನಾಗಿ ಒಂದು ಮಾತು ಹೇಳಬೇಕು. ನಮಗೆ ಮರ್ಕೆಂಟೈಲ್ ಲಾ ಪೇಪರಿನಲ್ಲಿ ಮೊಹರಿ ಬೀಬಿ ಕೇಸು ಪ್ರತಿ ವರ್ಷ ಬರುತ್ತದೆ. 1903ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು. ಮೈನರ್ ಮಾಡಿದ ಕರಾರು ಮೊದಲಿನಿಂದಲೇ ಶೂನ್ಯ, ಅದಕ್ಕೆ ಬೆಲೆಯೇ ಇಲ್ಲ. ಅಂದರೆ 1917ರ ಸುಮಾರಿನಲ್ಲಿ ಎಂಟು ವರ್ಷದ ದುರ್ಗಾಬಾಯಿ ಒಂದು ಆಕಳು ಮಾರುವೆನೆಂದು ಸಹಿ ಹಾಕಿದ್ದರೆ ಕಾನೂನು ಅದನ್ನು ಕಸದ ಬುಟ್ಟಿಗೆ ಹಾಕುತ್ತಿತ್ತು. ಆದರೆ ಇಡೀ ಜೀವಮಾನದ ಮದುವೆ ಮಾತ್ರ ಪಕ್ಕಾ. ಹುಡುಗಿಯರ ಮದುವೆಗೆ 14 ವರ್ಷ ಆಗಿರಬೇಕು ಅನ್ನುವ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಕರಾರಿಗೆ 18, ಮದುವೆಗೆ 14. ಈ ಲೆಕ್ಕ ನನಗಂತೂ ಟ್ಯಾಲಿ ಆಗಲಿಲ್ಲ.

ದುರ್ಗಾಬಾಯಿ ದೊಡ್ಡವಳಾದ ಮೇಲೆ, ಸುಮಾರು ಹದಿನೈದರ ವಯಸ್ಸಿನಲ್ಲಿ, ಆ ಗಂಡನ ಮನೆಗೆ ಬಾಳುವುದಕ್ಕೆ ಹೋಗುವುದಿಲ್ಲ ಎಂದುಬಿಟ್ಟಳು. ಜಗಳ ಆಡಿ ಅಲ್ಲ, ನೇರವಾಗಿ ಹೇಳಿ. ತಂದೆಯೂ ಅಣ್ಣತಮ್ಮಂದಿರೂ ಅವಳ ಬೆನ್ನಿಗೆ ನಿಂತರು. ಆ ಕಾಲಕ್ಕೆ ಇದು ಸಣ್ಣ ಸಂಗತಿ ಅಲ್ಲ. ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆಗೆ ಊರಿನವರು ಏನೇನು ಅಂದಿರಬಹುದು ಅಂತ ನಮ್ಮ ಊರುಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಗಂಡ ಇನ್ನೊಂದು ಮದುವೆಯಾದರು. ಈ ಕಥೆ ಇಲ್ಲಿಗೆ ಮುಗಿಯಲಿಲ್ಲ, ಮುಂದೆ ಬರುತ್ತದೆ.

ಅದಕ್ಕೂ ಮುಂಚೆಯೇ ಶಾಲೆ ಬಿಟ್ಟಾಗಿತ್ತು. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಹೇರಿದ್ದನ್ನು ಪ್ರತಿಭಟಿಸಿ ಹನ್ನೆರಡರ ವಯಸ್ಸಿನಲ್ಲಿ ಹೊರಗೆ ಬಂದಿದ್ದಳು. ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಲ್ಲಿಗೆ ಬಂದು ಅಕೌಂಟೆನ್ಸಿ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದ ನಮ್ಮಂಥವರಿಗೆ ಈ ಹುಡುಗಿಯ ಮೇಲೆ ಅಭಿಮಾನ ಬರದೆ ಇರುತ್ತದೆಯೆ? ಹೊರಗೆ ಬಂದವಳು ಸುಮ್ಮನೆ ಕೂರಲಿಲ್ಲ. ಹಿಂದಿ ಕಲಿತು, ಬೇರೆ ಹುಡುಗಿಯರಿಗೆ ಕಲಿಸುವುದಕ್ಕೆ ಒಂದು ಬಾಲಿಕಾ ಪಾಠಶಾಲೆ ತೆರೆದಳು.

1921ರಲ್ಲಿ ಗಾಂಧಿ ಕಾಕಿನಾಡಕ್ಕೆ ಬಂದರು. ಹನ್ನೆರಡು ವರ್ಷದ ದುರ್ಗಾಬಾಯಿಗೆ ಒಂದು ಆಸೆ. ಊರಿನ ದೇವದಾಸಿಯರೂ ಗೋಷಾದಲ್ಲಿರುವ ಮುಸ್ಲಿಂ ಹೆಂಗಸರೂ ಗಾಂಧಿಯನ್ನು ನೋಡಬೇಕು, ಅವರೊಡನೆ ಮಾತಾಡಬೇಕು. ಇವರು ದೊಡ್ಡ ಸಭೆಗೆ ಬರುವಂತಿಲ್ಲ. ಸಂಘಟಕರು ಹುಡುಗಿಯನ್ನು ಸಾಗಹಾಕುವುದಕ್ಕೋ ಏನೋ, ನಿಧಿಗೆ ಐದು ಸಾವಿರ ರೂಪಾಯಿ ತಂದರೆ ಸ್ವಲ್ಪ ಹೊತ್ತು ಕೊಡಿಸುತ್ತೇವೆ ಅಂದರು. ಆ ಕಾಲದ ಐದು ಸಾವಿರ! ದೇವದಾಸಿಯರೇ ಮುಂದೆ ಬಂದು ದುಡ್ಡು ಕೂಡಿಸಿಕೊಟ್ಟರು. ಕೆಲವೇ ನಿಮಿಷಕ್ಕೆಂದು ಬಂದ ಗಾಂಧಿ ಬಹಳ ಹೊತ್ತು ಕೂತರು. ಅವರ ಹಿಂದಿಯನ್ನು ಈ ಹುಡುಗಿ ತೆಲುಗಿಗೆ ಮಾಡಿದಳು. ಆಮೇಲೆ ಊರಿನ ದೊಡ್ಡ ಸಭೆಯಲ್ಲೂ ಅನುವಾದಕ್ಕೆ ಗಾಂಧಿ ಅವಳನ್ನೇ ಕರೆದರು. ಅಲ್ಲಿ ಆ ಕೆಲಸಕ್ಕೆಂದು ನಿಂತಿದ್ದವರು ಕೊಂಡಾ ವೆಂಕಟಪ್ಪಯ್ಯನವರಂಥ ಹಿರಿಯರು.

ಎರಡು ವರ್ಷದ ನಂತರ, 1923ರಲ್ಲಿ, ಕಾಕಿನಾಡದಲ್ಲೇ ಕಾಂಗ್ರೆಸ್ ಅಧಿವೇಶನ. ಖಾದಿ ಪ್ರದರ್ಶನದ ಬಾಗಿಲಲ್ಲಿ ಟಿಕೆಟ್ ನೋಡುವ ಕೆಲಸ ದುರ್ಗಾಬಾಯಿಯದು. ಜವಾಹರಲಾಲ್ ನೆಹರೂ ಟಿಕೆಟ್ ಇಲ್ಲದೆ ಬಂದರು. ಟಿಕೆಟ್ ಇಲ್ಲದವರನ್ನು ಬಿಡಬೇಡ ಅಂತ ಹೇಳಿದ್ದಾರೆ, ಅವಳು ಬಿಡಲಿಲ್ಲ. ಸಂಘಟಕರು ಓಡಿಬಂದು ಗದರಿದರೂ ಜಗ್ಗಲಿಲ್ಲ. ಕೊನೆಗೆ ಟಿಕೆಟ್ ತಂದುಕೊಟ್ಟ ಮೇಲೇ ನೆಹರೂ ಒಳಗೆ ಹೋದದ್ದು. ಈ ಕಥೆಯನ್ನು ಎಲ್ಲರೂ ನೆಹರೂ ದೊಡ್ಡತನಕ್ಕೆ ಹೇಳುತ್ತಾರೆ. ನನಗೆ ಕಾಣುವುದು ಹುಡುಗಿಯ ಕಾಯಿದೆ ಬುದ್ಧಿ. ದೊಡ್ಡವರಿಗೊಂದು ರೂಲು, ಸಣ್ಣವರಿಗೊಂದು ರೂಲು ಇಲ್ಲ ಅನ್ನುವುದು ಆಕೆಗೆ ಲಾ ಕಾಲೇಜು ಸೇರುವುದಕ್ಕೆ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಆಕೆ ಮದರಾಸಿಗೆ ಬಂದರು. ಇಲ್ಲಿ ಚಳವಳಿಯ ಮುಂದಾಳು ಟಂಗುಟೂರಿ ಪ್ರಕಾಶಂ. ಮುಖಂಡರು ಒಬ್ಬೊಬ್ಬರಾಗಿ ಜೈಲಿಗೆ ಹೋದಾಗ ಇಪ್ಪತ್ತೊಂದು ವರ್ಷದ ದುರ್ಗಾಬಾಯಿ ಮುಂದೆ ನಿಂತು ನಡೆಸಿದರು, ಅವರನ್ನೂ ಹಿಡಿದರು. 1930ರಿಂದ 33ರ ಒಳಗೆ ಮೂರು ಸಲ ಜೈಲು. ಮಧುರೆ ಜೈಲಿನಲ್ಲಿ ಒಂಟಿ ಕೋಣೆ, ಹತ್ತಿರದಲ್ಲೇ ಗಲ್ಲಿಗೆ ಹೋಗುವವರ ಕೋಣೆಗಳು. ಆರೋಗ್ಯ ಕೆಟ್ಟದ್ದು ಅಲ್ಲಿಯೇ.

ಆದರೆ ಜೀವನ ತಿರುಗಿದ್ದು ವೆಲ್ಲೂರಿನ ಹೆಂಗಸರ ಜೈಲಿನಲ್ಲಿ. ಅಲ್ಲಿ ಸತ್ಯಾಗ್ರಹಿಗಳ ಜೊತೆಗೆ ಕೊಲೆ, ಕಳವು ಅಂತ ಶಿಕ್ಷೆಯಾದ ಹೆಂಗಸರೂ ಇದ್ದರು. ಅವರ ಹತ್ತಿರ ಕೂತು ಕೇಳಿದಾಗ ದುರ್ಗಾಬಾಯಿಗೆ ತಿಳಿದದ್ದು ಏನಪ್ಪಾ ಅಂದರೆ, ಎಷ್ಟೋ ಜನಕ್ಕೆ ತಮ್ಮ ಮೇಲೆ ಯಾವ ಕೇಸು ಅನ್ನುವುದೇ ಸರಿಯಾಗಿ ಗೊತ್ತಿಲ್ಲ. ಓದುಬರಹ ಇಲ್ಲ. ಕೋರ್ಟಿನಲ್ಲಿ ನಡೆದದ್ದು ಇಂಗ್ಲಿಷು. ಮನೆಯ ಗಂಡಸರು ಮಾಡಿದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರೂ ಇದ್ದರು. ವಕೀಲರನ್ನು ಇಡುವುದಕ್ಕೆ ದುಡ್ಡು ಎಲ್ಲಿಂದ? ಕಾನೂನು ಎಲ್ಲರಿಗೂ ಒಂದೇ ಎನ್ನುತ್ತಾರೆ, ಸರಿ. ಆದರೆ ಅದನ್ನು ತನ್ನ ಬಾಯಿಂದ ಕೇಳಲಾರದವಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಿಡುಗಡೆಯಾದ ಮೇಲೆ ಲಾ ಓದುವುದೆಂದು ದುರ್ಗಾಬಾಯಿ ಅಲ್ಲಿ ತೀರ್ಮಾನ ಮಾಡಿಕೊಂಡರು, ಇಂಥವರಿಗೆ ಫೀಸಿಲ್ಲದೆ ವಾದ ಮಾಡುವುದಕ್ಕೆ.

ತೀರ್ಮಾನ ಸುಲಭ. ಮ್ಯಾಟ್ರಿಕ್ಕೇ ಆಗಿರಲಿಲ್ಲ! ಇಪ್ಪತ್ತೈದು ವರ್ಷದ ಹತ್ತಿರ, ಮೂರು ಸಲ ಜೈಲು ಕಂಡ ಹೆಂಗಸು, ಒಂದು ಕಾಲದಲ್ಲಿ ಬೇಡವೆಂದು ಬಿಟ್ಟ ಇಂಗ್ಲಿಷನ್ನು ಮತ್ತೆ ಕಲಿಯಲು ಕೂತರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆ ಕಟ್ಟಿ ಪಾಸಾದರು. ಆಮೇಲೆ ಮೈಲಾಪುರದಲ್ಲಿ ತಮ್ಮಂತೆಯೇ ಓದು ನಿಂತುಹೋದ ಹೆಂಗಸರನ್ನು ಕೂಡಿಸಿ ಅದೇ ಪರೀಕ್ಷೆಗೆ ಪಾಠ ಹೇಳಿದರು. 1937ರಲ್ಲಿ ಇದೇ ಆಂಧ್ರ ಮಹಿಳಾ ಸಭಾ ಆಯಿತು. ಇವತ್ತು ಆ ರಸ್ತೆಯಲ್ಲಿ ಕಾಣುವ ಆಸ್ಪತ್ರೆಯೂ ಈ ಸಭೆಯದೇ.

ಬಿ.ಎ. ಆನರ್ಸಿಗೆ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯ. ವೈಸ್ ಛಾನ್ಸಲರ್ ಸಿ. ಆರ್. ರೆಡ್ಡಿ ಸೀಟು ಕೊಡಲು ಹಿಂದೆಮುಂದೆ ನೋಡಿದರು. ಕಾರಣ, ಹುಡುಗಿಯರಿಗೆ ಹಾಸ್ಟೆಲ್ ಇಲ್ಲ. ದುರ್ಗಾಬಾಯಿ ಪೇಪರಿನಲ್ಲಿ ಜಾಹೀರಾತು ಹಾಕಿದರು, ಹಾಸ್ಟೆಲ್ಲಿಲ್ಲದ ಕಾರಣಕ್ಕೆ ಓದು ನಿಲ್ಲಿಸಿದ ಹುಡುಗಿಯರು ಯಾರಿದ್ದರೂ ತಿಳಿಸಿ ಎಂದು. ಕೆಲವರು ಬಂದರು. ಎಲ್ಲರೂ ಸೇರಿ ಒಂದು ಜಾಗ ಹಿಡಿದು ತಾವೇ ಹಾಸ್ಟೆಲ್ ನಡೆಸಿದರು. ರೆಡ್ಡಿಯವರಿಗೆ ಬೇರೆ ನೆಪ ಉಳಿಯಲಿಲ್ಲ.

1942ರ ಹೊತ್ತಿಗೆ ಮದರಾಸು ವಿಶ್ವವಿದ್ಯಾಲಯದ ಲಾ ಡಿಗ್ರಿಯೂ ಬಂತು. ಮದರಾಸು ಹೈಕೋರ್ಟಿನಲ್ಲಿ ವಕೀಲಿ ಶುರುಮಾಡಿದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೆಂಗಸರು ಕೋರ್ಟಿಗೆ ವಕೀಲರಾಗಿ ಬರುವುದೇ ದೊಡ್ಡ ವ್ಯಾಜ್ಯವಾಗಿತ್ತು. 1916ರಲ್ಲಿ ರೆಜೀನಾ ಗುಹಾ ಎನ್ನುವ ಪದವೀಧರೆ ಕಲ್ಕತ್ತೆಯಲ್ಲಿ ಅರ್ಜಿ ಹಾಕಿದರು. 1879ರ ಕಾಯಿದೆಯಲ್ಲಿ ವ್ಯಕ್ತಿ ಎನ್ನುವ ಪದದೊಳಗೆ ಹೆಂಗಸು ಸೇರುವುದಿಲ್ಲ ಎಂದು ಹೈಕೋರ್ಟು ಅರ್ಜಿ ತಳ್ಳಿಹಾಕಿತು. ಕಾಯಿದೆಗಳಲ್ಲಿ ಪುಲ್ಲಿಂಗ ಹೇಳಿದರೆ ಸ್ತ್ರೀಲಿಂಗವೂ ಸೇರಿತು ಅಂತ ಜನರಲ್ ಕ್ಲಾಸಸ್ ಆಕ್ಟಿನಲ್ಲೇ ಇದೆ. ಆದರೂ ಒಪ್ಪಲಿಲ್ಲ. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾಗೂ ಇದೇ ಉತ್ತರ. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಮಾತ್ರ ಕಾರ್ನೇಲಿಯಾ ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಹೆಣ್ಣು ಎಂಬ ಕಾರಣಕ್ಕೆ ತಡೆಯಬಾರದು ಎಂಬ ಕಾಯಿದೆ 1923ರಲ್ಲಿ ಬಂತು. ಮದರಾಸಿನಲ್ಲಿ ಮೊದಲ ಮಹಿಳಾ ವಕೀಲರಾಗಿ ಬಿ. ಆನಂದಾಬಾಯಿ ಹೆಸರು ನೋಂದಾಯಿಸಿದ್ದು 1929ರಲ್ಲಿ. ದುರ್ಗಾಬಾಯಿ ಬರುವಾಗ ಬಾಗಿಲು ತೆರೆದು ಹದಿಮೂರೇ ವರ್ಷ.

ಬಾಗಿಲು ತೆರೆದರೂ ಒಳಗಿನ ಕಾನೂನು ಹಳೆಯದೇ. ವಿಧವೆಗೆ ಗಂಡನ ಆಸ್ತಿ ಬಂದರೂ ಜೀವ ಇರುವ ತನಕ ಅನುಭವಿಸಬಹುದು ಅಷ್ಟೆ, ತನ್ನಿಷ್ಟದಂತೆ ಮಾರುವಂತಿಲ್ಲ. ಆಕೆ ತೀರಿದರೆ ಆಸ್ತಿ ಗಂಡನ ಕಡೆಯ ವಾರಸುದಾರರಿಗೆ ವಾಪಸು. ಲೆಡ್ಜರಿನಲ್ಲಿ ಹೆಸರಿದೆ, ಬ್ಯಾಲೆನ್ಸು ಮಾತ್ರ ಬೇರೆಯವರದು ಎಂದಹಾಗೆ. ಇದರಲ್ಲಿ ನಮ್ಮ ಮೈಸೂರಿನವರು ಮುಂದಿದ್ದರು ಅಂತ ಹೇಳಿಕೊಳ್ಳಬಹುದು. 1933ರಲ್ಲೇ ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದು, ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಿಕ್ಕಿತು. ಬ್ರಿಟಿಷ್ ಭಾಗದಲ್ಲಿ 1937ರಲ್ಲಿ ಜಿ. ವಿ. ದೇಶಮುಖ್ ಅನ್ನುವವರು ತಂದ ಕಾಯಿದೆ ವಿಧವೆಯರಿಗೆ ಸ್ವಲ್ಪ ಕೊಟ್ಟಿತು, ಹೆಣ್ಣುಮಕ್ಕಳಿಗೆ ಕೊಡಲಿಲ್ಲ. (ಈ ದೇಶಮುಖರು ಬೇರೆ, ನಮ್ಮ ಕಥೆಯ ದೇಶಮುಖರು ಇನ್ನೂ ಬರಬೇಕು.) ಎಲ್ಲವನ್ನೂ ಒಟ್ಟಾಗಿ ತಿದ್ದಬೇಕೆಂದು 1941ರಲ್ಲಿ ಸಮಿತಿಯಾಯಿತು. ಅದರ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗರಾಯರು.

ಕಾನೂನು ಹೆಂಗಸನ್ನು ಏನು ಮಾಡಬಲ್ಲದು ಅನ್ನುವುದು ದುರ್ಗಾಬಾಯಿಗೆ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಅವರು ಬಿಟ್ಟುಬಂದ ಆ ಮೊದಲ ಗಂಡ 1941ರಲ್ಲಿ ತೀರಿಕೊಂಡರು. ಎರಡನೆಯ ಹೆಂಡತಿ ವಿಧವೆಯಾದಳು, ಗಂಡನ ಮನೆಯವರು ಆಕೆಯನ್ನು ದೂರ ಮಾಡಿದರು. ಈಕೆ ಯಾರು ದುರ್ಗಾಬಾಯಿಗೆ? ಲೋಕರೂಢಿಯಲ್ಲಿ ಸವತಿ. ದುರ್ಗಾಬಾಯಿ ಆಕೆಯನ್ನು ಮಹಿಳಾ ಸಭೆಗೆ ಕರೆತಂದು, ಕೈಕಸುಬು ಕಲಿಸಿ, ಸ್ವಂತ ಸಂಪಾದನೆ ಮಾಡುವ ಹಾಗೆ ಮಾಡಿದರು. ದೊಡ್ಡ ದೊಡ್ಡ ಪದವಿಗಳು ಆಕೆಗೆ ಬಹಳ ಬಂದವು. ನನ್ನನ್ನು ಕೇಳಿದರೆ ಈ ಒಂದು ಸಂಗತಿಯ ಮುಂದೆ ಅವೆಲ್ಲ ಸಪ್ಪೆ.

ವಕೀಲಿ ನಾಲ್ಕೈದು ವರ್ಷ ನಡೆದಿರಬೇಕು, 1946ರಲ್ಲಿ ಮದರಾಸಿನಿಂದ ಸಂವಿಧಾನ ಸಭೆಗೆ ಆರಿಸಿಬಂದರು. ಇಡೀ ಸಭೆಯಲ್ಲಿ ಹೆಂಗಸರು ಹದಿನೈದೇ ಜನ. ಇದೇ ಪ್ರಾಂತ್ಯದಿಂದ ಅಮ್ಮು ಸ್ವಾಮಿನಾಥನ್, ದಾಕ್ಷಾಯಣಿ ವೇಲಾಯುಧನ್ ಕೂಡ ಇದ್ದರು. ಅಧ್ಯಕ್ಷರಿಲ್ಲದಾಗ ಸಭೆ ನಡೆಸುವವರ ಪಟ್ಟಿಯಲ್ಲಿದ್ದ ಒಬ್ಬಳೇ ಹೆಂಗಸು ದುರ್ಗಾಬಾಯಿ. ನಡಾವಳಿಗಳಲ್ಲಿ ಜಿ. ದುರ್ಗಾಬಾಯಿ ಎಂದು ಹೆಸರು.

ಸಂವಿಧಾನ ಸಭೆ ಅಂದರೆ ನಾವು ದೊಡ್ಡ ಭಾಷಣ ಅಂದುಕೊಳ್ಳುತ್ತೇವೆ. ಆಕೆ ಮಾಡಿದ್ದು ವಕೀಲರ ಕೆಲಸ, ಪದ ಹಿಡಿದು ತಿದ್ದುವುದು. ಒಂದು ಉದಾಹರಣೆ ಕೊಡುತ್ತೇನೆ. ಹಿಂದೂ ದೇವಸ್ಥಾನಗಳನ್ನು ಎಲ್ಲರಿಗೂ ತೆರೆಯಲು ಸರ್ಕಾರ ಕಾಯಿದೆ ಮಾಡಬಹುದು ಅನ್ನುವ ವಿಧಿ, ಈಗಿನ 25ನೆಯ ವಿಧಿ. ಕರಡಿನಲ್ಲಿ ಹಿಂದೂಗಳ ಯಾವುದೇ ವರ್ಗಕ್ಕೆ ಅಂತ ಇತ್ತು. 1948ರ ಡಿಸೆಂಬರಿನಲ್ಲಿ ದುರ್ಗಾಬಾಯಿ ತಿದ್ದುಪಡಿ ಕೊಟ್ಟರು, ಎಲ್ಲ ವರ್ಗಗಳಿಗೆ ಅಂತ ಆಗಲಿ ಎಂದು. ಯಾವುದೇ ಅನ್ನುವುದಕ್ಕೂ ಎಲ್ಲ ಅನ್ನುವುದಕ್ಕೂ ಏನು ವ್ಯತ್ಯಾಸ ಅಂತ ನನಗೂ ಮೊದಲು ಹೊಳೆಯಲಿಲ್ಲ. ಯಾವುದೇ ಅಂದರೆ ಯಾವುದೋ ಒಂದು ವರ್ಗಕ್ಕೆ ಬಾಗಿಲು ತೆರೆದು ಕಾಯಿದೆ ಪಾಲಿಸಿದೆವು ಎನ್ನಬಹುದು. ಎಲ್ಲ ಅಂದರೆ ತಪ್ಪಿಸಿಕೊಳ್ಳುವುದಕ್ಕೆ ಸಂದು ಇಲ್ಲ. ತಿದ್ದುಪಡಿ ಪಾಸಾಯಿತು, ಸಂವಿಧಾನದಲ್ಲಿ ಇವತ್ತಿಗೂ ಹಾಗೇ ಇದೆ. ರಾಜ್ಯಸಭೆಗೆ ನಿಲ್ಲುವ ವಯಸ್ಸು 35 ಅಂತ ಇದ್ದದ್ದನ್ನು 30ಕ್ಕೆ ಇಳಿಸಿದ್ದೂ ಆಕೆಯ ತಿದ್ದುಪಡಿಯೇ.

ಹಿಂದೂ ಕೋಡ್ ಬಿಲ್ಲಿನ ವಿಷಯದಲ್ಲಿ ಅಷ್ಟು ಸುಲಭ ಆಗಲಿಲ್ಲ. ಅಂಬೇಡ್ಕರರು ಮಂಡಿಸಿದ ಆ ಬಿಲ್ಲಿಗೆ ದುರ್ಗಾಬಾಯಿ ಬೆಂಬಲ ಕೊಟ್ಟು ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪರ ಮಾತಾಡಿದರು. ಮದರಾಸಿನಲ್ಲಿ 1949ರಲ್ಲೇ ಎರಡನೆಯ ಮದುವೆ ನಿಷೇಧಿಸಿ, ವಿಚ್ಛೇದನಕ್ಕೆ ಅವಕಾಶ ಕೊಡುವ ಕಾಯಿದೆ ಬಂದಿತ್ತು, ಆಕಾಶವೇನೂ ಬಿದ್ದಿರಲಿಲ್ಲ. ಆದರೂ ದಿಲ್ಲಿಯಲ್ಲಿ ಬಿಲ್ಲನ್ನು ಎಳೆದೆಳೆದು ನಿಲ್ಲಿಸಿದರು. 1951ರಲ್ಲಿ ಅಂಬೇಡ್ಕರರು ಮಂತ್ರಿ ಪದವಿ ಬಿಟ್ಟರು. ಆಮೇಲೆ ಅದನ್ನೇ ತುಂಡು ತುಂಡು ಮಾಡಿ 1955, 56ರಲ್ಲಿ ಪಾಸು ಮಾಡಿದರು. ಉತ್ತರಾಧಿಕಾರ ಕಾಯಿದೆಯ 14ನೆಯ ಸೆಕ್ಷನ್ನಿನಿಂದ ವಿಧವೆಯ ಆ ಅರ್ಧಂಬರ್ಧ ಹಕ್ಕು ಪೂರ್ತಿಯಾಯಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಪಾಲು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಅದನ್ನು ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಿಂದ ಹೆಣ್ಣುಮಕ್ಕಳಿಗೂ ಕೊಟ್ಟವು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಇಲ್ಲ! ದೇಶಕ್ಕೆಲ್ಲ ಮದುವೆಯಾದವರಿಗೂ ಸೇರಿಸಿ ಬಂದದ್ದು 2005ರಲ್ಲಿ. ನಮ್ಮ ಅಮ್ಮಂದಿರಲ್ಲಿ ಎಷ್ಟು ಜನ ತವರಿನಲ್ಲಿ ಪಾಲು ಕೇಳಿದ್ದಾರೆ, ಎಷ್ಟು ಜನ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಅಣ್ಣ ತೋರಿಸಿದ ಕಡೆ ಸಹಿ ಹಾಕಿದ್ದಾರೆ ಅನ್ನುವುದನ್ನು ಓದುಗರು ತಮ್ಮ ತಮ್ಮ ಮನೆಯಲ್ಲೇ ಕೇಳಿ ನೋಡಬಹುದು.

1952ರ ಚುನಾವಣೆಯಲ್ಲಿ ದುರ್ಗಾಬಾಯಿ ಸೋತರು. ನೆಹರೂ ಅವರನ್ನು ಯೋಜನಾ ಆಯೋಗಕ್ಕೆ ಕರೆದುಕೊಂಡರು. ಸಾಮಾಜಿಕ ಕೆಲಸ ಮಾಡುವ ಸಂಸ್ಥೆಗಳಿಗೆಂದು ಮೊದಲನೆಯ ಯೋಜನೆಯಲ್ಲಿ ನಾಲ್ಕು ಕೋಟಿ ರೂಪಾಯಿ ತೆಗೆದಿಡಲಾಯಿತು. ಅದನ್ನು ಹಂಚಲು 1953ರ ಆಗಸ್ಟಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆಯಿತು, ಮೊದಲ ಅಧ್ಯಕ್ಷೆ ಇವರೇ. ಅದೇ ವರ್ಷದ ಜನವರಿ 22ರಂದು ಹಣಕಾಸು ಮಂತ್ರಿ ಚಿಂತಾಮಣ ದೇಶಮುಖರನ್ನು ಮದುವೆಯಾದರು. ಸಾಕ್ಷಿ ಹಾಕಿದವರಲ್ಲಿ ನೆಹರೂ ಒಬ್ಬರು. ಬ್ಯಾಂಕಿಂಗ್ ಪೇಪರ್ ಓದುವವರಿಗೆ ಈ ದೇಶಮುಖರು ಗೊತ್ತು, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್. ಎಂಟು ವರ್ಷಕ್ಕೆ ಕೇಳದೆ ಮಾಡಿದ ಮದುವೆಯಿಂದ ಹೊರಬಂದವರು ನಲವತ್ತಮೂರಕ್ಕೆ ತಾವೇ ಸಹಿ ಹಾಕಿ ಮದುವೆಯಾದರು, ಅದೂ ಮೇಜರ್ ಆಗಿ.

1953ರಲ್ಲಿ ಚೀನಾಕ್ಕೆ ಹೋದಾಗ ಅಲ್ಲಿ ಸಂಸಾರದ ವ್ಯಾಜ್ಯಗಳಿಗೆ ಬೇರೆ ಕೋರ್ಟು ಇರುವುದನ್ನು ನೋಡಿಬಂದರು. ನಮ್ಮಲ್ಲೂ ಅದು ಬೇಕು ಅಂತ ನೆಹರೂ ಹತ್ತಿರ, ಬೊಂಬಾಯಿ ಹೈಕೋರ್ಟಿನ ಛಾಗ್ಲಾ, ಗಜೇಂದ್ರಗಡ್ಕರ್ ಹತ್ತಿರ ಮಾತಾಡಿದರು. ಗಜೇಂದ್ರಗಡ್ಕರರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಗಜೇಂದ್ರಗಡ ನಮ್ಮದೇ ಊರು. ಜೀವನಾಂಶ ಕೇಳಲು ಬಂದ ಹೆಂಗಸು ಕಳ್ಳಕಾಕರ ಕೇಸುಗಳ ನಡುವೆ ವರ್ಷಗಟ್ಟಲೆ ತಾರೀಖಿಗೆ ಕಾಯುವುದು ತಪ್ಪಬೇಕು ಅನ್ನುವುದು ಅದರ ತಿರುಳು.

ನಡುವೆ ಇನ್ನೂ ಕೆಲಸಗಳಾದವು. 1958ರ ಮಹಿಳಾ ಶಿಕ್ಷಣದ ರಾಷ್ಟ್ರೀಯ ಸಮಿತಿ, ದಿಲ್ಲಿಯ ಸಮಾಜಾಭಿವೃದ್ಧಿ ಪರಿಷತ್ತು, ಹೈದರಾಬಾದಿನಲ್ಲಿ ಮಹಿಳಾ ಸಭೆಯ ಕಾಲೇಜು, ಆಸ್ಪತ್ರೆಗಳು. 1975ರಲ್ಲಿ ಪದ್ಮವಿಭೂಷಣ. 1981ರ ಮೇ 9ರಂದು, 71ರ ವಯಸ್ಸಿನಲ್ಲಿ, ಆಂಧ್ರದ ನರಸನ್ನಪೇಟೆಯಲ್ಲಿ ತೀರಿಕೊಂಡರು.

ಕುಟುಂಬ ನ್ಯಾಯಾಲಯಗಳ ಕಾಯಿದೆ ಪಾಸಾದದ್ದು 1984ರಲ್ಲಿ, ಅಂದರೆ ಆಕೆ ಹೋಗಿ ಮೂರು ವರ್ಷದ ಮೇಲೆ, ಕೇಳಲು ಶುರುಮಾಡಿ ಮೂವತ್ತು ವರ್ಷದ ಮೇಲೆ. ಜಡ್ಜುಗಳನ್ನು ನೇಮಿಸುವಾಗ ಹೆಂಗಸರಿಗೆ ಆದ್ಯತೆ ಕೊಡಬೇಕೆಂದು 4ನೆಯ ಸೆಕ್ಷನ್ನಿನಲ್ಲಿದೆ. 13ನೆಯ ಸೆಕ್ಷನ್ನಿನ ಪ್ರಕಾರ ಅಲ್ಲಿ ವಕೀಲರನ್ನಿಡುವುದು ಹಕ್ಕಲ್ಲ, ಹೆಂಗಸು ತನ್ನ ಕಷ್ಟವನ್ನು ತನ್ನ ಬಾಯಿಂದಲೇ ಜಡ್ಜಿಗೆ ಹೇಳಬಹುದು. ಚೆನ್ನೈಯ ಕುಟುಂಬ ನ್ಯಾಯಾಲಯ ಇರುವುದು ಹೈಕೋರ್ಟಿನ ಕೆಂಪು ಕಟ್ಟಡದ ಆವರಣದಲ್ಲೇ. ಬ್ರಾಡ್‌ವೇ ಕಡೆ ಪುಸ್ತಕ ತರಲು ಹೋಗುವವರು ಬೆಳಿಗ್ಗೆ ಹತ್ತೂವರೆಗೆ ಆ ಕಡೆ ಹಾದುಹೋದರೆ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದುಕೊಂಡು ಒಳಗೆ ಹೋಗುವ ಹೆಂಗಸರನ್ನು ಕಾಣಬಹುದು.